ಹುಣಸೆ ಬೀಜದ ಸರ

ಅಂಗಡಿಗೆ ಬಣ್ಣ ಹೊಡೆಸಬೇಕೆಂದು ಮೊನ್ನೆ ಹಳೆಯ ಕಪಾಟು ಸರಿಸಿದಾಗ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಬಿತ್ತು. ಮುಚ್ಚಳ ತೆಗೆದರೆ ಕೆಮ್ಮಣ್ಣಿನ ವಾಸನೆ. ಒಳಗೆ ಹುಣಸೆ ಬೀಜದ ಸರ... ಬೀಜ ನೆನೆಸಿ, ದಬ್ಬಣದಿಂದ ತೂತು ಮಾಡಿ, ಕೆಮ್ಮಣ್ಣು ಬಳಿದು ಪೋಣಿಸಿದ್ದು. ಡಬ್ಬಿ ಅಲ್ಲಿರುವುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ಸರ ಮಾಡಿದವಳು ನಮ್ಮ ಎದುರು ಅಂಗಡಿಯ ಹೊಲಿಗೆಯಾಕೆ. ಶಹಾಪುರದ ಈ ಓಣಿಯಲ್ಲಿ ನಾನು ಬಟ್ಟೆ ಮಾರುತ್ತಿದ್ದೆ, ಆಕೆ ಹೊಲಿಯುತ್ತಿದ್ದಳು. ನಾನು ತಲೆಯ ಮೇಲೆ ಗಂಟು ಹೊತ್ತು ಊರೂರು ತಿರುಗಿದವಳು. ಕೆಂಭಾವಿ ಸಂತೆಯ ಬಿಸಿಲಲ್ಲಿ ಕೂತು ಕಲಿತ ವ್ಯಾಪಾರ ನನ್ನದು. ಹೊಸದಾಗಿ ಅಂಗಡಿ ಇಡುವವರಿಗೆ ಈಗಲೂ ಹೇಳುತ್ತೇನೆ: ಗಿರಾಕಿಯ ಮುಖ ನೋಡಬೇಡಿ, ಕೈ ನೋಡಿ, ಬೇಕಾದ ಬಟ್ಟೆಯನ್ನು ಕೈ ಎರಡು ಸಲ ಮುಟ್ಟುತ್ತದೆ. ಹೀಗೆ ಪ್ರತಿಯೊಂದನ್ನೂ ಚೌಕಾಸಿ ಮಾಡಿಯೇ ಪಡೆದ ನನಗೆ, ಏನನ್ನೂ ಕೇಳದೆ ಎಲ್ಲವನ್ನೂ ಪಡೆಯುತ್ತಿದ್ದ ಆಕೆಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ನನ್ನ ಹತ್ತಿರ ಬಟ್ಟೆ ಕೊಂಡ ಹೆಂಗಸರು ಐದು ನಿಮಿಷದಲ್ಲಿ ಎದ್ದು ಹೋಗಿ, ಆಕೆಯ ಮಷಿನ್ ಪಕ್ಕ ಒಂದು ತಾಸು ಕೂತು ಸುಖದುಃಖ ಹೇಳಿಕೊಳ್ಳುತ್ತಿದ್ದರು. ನನ್ನ ಮಗಳೂ ಶಾಲೆ ಬಿಟ್ಟವಳೇ "ಚಿಗವ್ವಾ" ಎನ್ನುತ್ತ ಅಲ್ಲಿಗೇ... ಪಾಟಿಚೀಲ ಮಾತ್ರ ನನ್ನ ಅಂಗಡಿಗೆ ಬರುತ್ತಿತ್ತು.

ಮಗಳಿಗೆ ಹದಿಮೂರು ತುಂಬಿದ ವರ್ಷ ಹೈಸ್ಕೂಲಿನ ಕನ್ನಡ ಮಾಸ್ತರರು ಓಣಿಯವರಿಂದ ಒಂದು ನಾಟಕ ಆಡಿಸಲು ಹೊರಟರು. ಆಫ್ರಿಕಾದ ಯಾವುದೋ ಹಳ್ಳಿಯ ಕತೆ. ದೊಡ್ಡವಳಾದ ಹುಡುಗಿಯನ್ನು ಊರ ಹೊರಗಿನ ಗುಡಿಸಲಲ್ಲಿ ಇಟ್ಟು, ಒಬ್ಬ ಅಜ್ಜಿ ಅವಳಿಗೆ ಬದುಕಿನ ಮಾತು ಕಲಿಸುತ್ತಾಳೆ. ಕೊನೆಗೆ ಹುಡುಗಿ ಮೈಗೆ ಕೆಮ್ಮಣ್ಣು ಬಳಿದುಕೊಂಡು ಹೊರಗೆ ಬಂದು, ತನ್ನನ್ನು ಹೆಣ್ಣು ಮಾಡಿದವಳ ಕೊರಳಿಗೆ ತನ್ನ ಮಣಿಸರ ಹಾಕುತ್ತಾಳೆ. ಹುಡುಗಿಯ ಪಾತ್ರ ನನ್ನ ಮಗಳಿಗೆ ಸಿಕ್ಕಿತು. ಅಜ್ಜಿಯ ಪಾತ್ರ ನನಗೆ ಕೊಟ್ಟರೆ ಪರದೆಯ ಬಟ್ಟೆ ಪುಕ್ಕಟೆ ಕೊಡುತ್ತೇನೆಂದು ಮಾಸ್ತರರಿಗೆ ಹೇಳಿದ್ದೆ. ಪರದೆ ತೆಗೆದುಕೊಂಡರು. ಪಾತ್ರ ಹೊಲಿಗೆಯಾಕೆಗೆ ಕೊಟ್ಟರು. ಮಣಿಸರವನ್ನೂ ಆಕೆಯೇ ಹುಣಸೆ ಬೀಜದಿಂದ ಪೋಣಿಸಿದಳು.

ಆದರೂ ಬಿಡಲಿಲ್ಲ. ಯಾದಗಿರಿಗೆ ಹೋಗಿ ಮುಖಕ್ಕೆ ಹಚ್ಚುವ ಕಪ್ಪು ಬಣ್ಣವನ್ನು ಅಗ್ಗದಲ್ಲಿ ತಂದೆ. ಹೊಲಿಗೆಯಾಕೆ ಅದನ್ನು ನೋಡಿ ನಕ್ಕಳು.

"ಅಕ್ಕಾರ, ಈ ಬಣ್ಣ ಯಾರಿಗಿ? ನಾವೇನು ಹಾಲಿನ್ಯಾಗ ತೊಳಕೊಂಡು ಬಂದವರೇನ್ರಿ? ದೇವರು ಹಚ್ಚಿದ್ದ ಸಾಕು."

ತಾಲೀಮಿಗೆ ಬಂದವರೆಲ್ಲ ನಕ್ಕರು. ನನ್ನ ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು.

ನಾಟಕಕ್ಕೆ ಎಂಟು ದಿನ ಇರುವಾಗ ಹೊಲಿಗೆಯಾಕೆ ನನ್ನ ಅಂಗಡಿಗೆ ಬಂದು ಹಸಿರು ಕುಬುಸದ ಖಣ ಕೇಳಿದಳು. ಒಂದೇ ಖಣವನ್ನು ಆಕೆಯ ಕೈ ಎರಡು ಸಲ ಮುಟ್ಟಿತು. ನಾನು ಬೆಲೆ ಏರಿಸಿದೆ. ಆಕೆ ಚೌಕಾಸಿ ಮಾಡದೆ ಹೇಳಿದಷ್ಟೂ ಇಟ್ಟಳು.

"ಇಷ್ಟ ಛಲೋದು ಯಾರಿಗವ್ವಾ?" ಎಂದೆ.

"ನಿಮ್ಮ ಮಗಳಿಗೇರಿ. ನಿನ್ನಿ ತಾಲೀಮಿನ್ಯಾಗ ದೊಡ್ಡಾಕಿ ಆಗ್ಯಾಳ. ನಿಮಗ ಹೇಳಾಕ ಅಂಜ್ಯಾಳ."

"ನನಗ ಅಂಜ್ಯಾಳ? ನಾ ಏನು ಹುಲಿ ಏನು?"

"ನಾಟಕ ಬಿಡಸ್ತೀರಿ ಅಂತ ಅಂಜ್ಯಾಳ್ರಿ."

ಬಿಡಿಸುತ್ತಿದ್ದೆ, ಅದು ನಿಜ. ಆದರೆ ಆ ಕ್ಷಣ ನನ್ನೆದೆಯಲ್ಲಿ ಉರಿದದ್ದು ಬೇರೆ. ಹೆತ್ತವಳಿಗಿಂತ ಒಂದು ದಿನ ಮೊದಲು ಈಕೆಗೆ ಗೊತ್ತಾಗಿದೆ! ಏರಿಸಿದ ಬೆಲೆಯನ್ನೂ ಇಳಿಸಲಿಲ್ಲ. ಇನ್ನೊಂದು ವ್ಯಾಪಾರಕ್ಕೆ ಇಳಿದೆ.

"ಆಡ್ಲಿ. ಆದ್ರ ಕಡೀಕ ಆ ಸರ ನನ್ನ ಕೊರಳಿಗಿ ಬರಬೇಕು. ನಾ ಮುಂದಿನ ಸಾಲಿನ್ಯಾಗ ಕುಂತಿರ್ತೀನಿ."

ಆಕೆ ಖಣ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಸರ ಆಕಿ ಕೈಯಾಗ ಇರ್ತದ ಅಕ್ಕಾರ. ಆಕಿಗಿ ಕೇಳ್ರಿ."

ಮಗಳಿಗೆ ಕೇಳಿದೆ. ತಾಲೀಮಿಗೆ ಹೊತ್ತಾಯಿತೆಂದು ಓಡಿಹೋದಳು...

ನಾಟಕದ ದಿನ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ತೊಗರಿ ಕಟ್ಟಿಗೆಯ ಗುಡಿಸಲು, ಪಕ್ಕದಲ್ಲಿ ಹಲಗೆ ಬಾರಿಸುವವರಿಬ್ಬರು. ಆಫ್ರಿಕಾ ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ. ಕೆಮ್ಮಣ್ಣು ಬಳಿದುಕೊಂಡು ನನ್ನ ಮಗಳು ಗುಡಿಸಲಿನಿಂದ ಹೊರಗೆ ಬಂದದ್ದೇ ತಡ, ಹಿಂದೆ ಕೂತ ಹೆಂಗಸರು ತಾವಾಗಿಯೇ ಸೋಬಾನೆ ಪದ ಎತ್ತಿಕೊಂಡರು. ಮಾಸ್ತರರು ಗಾಬರಿಯಾಗಿ ಕೈ ಮಾಡಿದರು. "ನೀವು ಸುಮ್ಕಿರ್ರಿ ಮಾಸ್ತರ್ರ, ಇದು ನಮಗ ಗೊತ್ತದ" ಎಂದು ಒಬ್ಬ ಮುದುಕಿ ಗದರಿಸಿದಳು.

ಮಗಳು ಸರ ಹಿಡಿದು ನಿಂತಳು. ನಾನು ಸೆರಗು ಸರಿಮಾಡಿಕೊಂಡು ಕೂತೆ. ಅವಳು ನನ್ನ ಕಡೆ ನೋಡಲೂ ಇಲ್ಲ. ನೇರ ಅಜ್ಜಿಯ ಹತ್ತಿರ ಹೋಗಿ ಸರ ಎತ್ತಿದಳು. ಹೊಲಿಗೆಯಾಕೆ ಆ ಕೈಗಳನ್ನು ಗಾಳಿಯಲ್ಲೇ ಹಿಡಿದಳು. ಭುಜ ಹಿಡಿದು ಹುಡುಗಿಯನ್ನು ನನ್ನ ಕಡೆಗೆ ತಿರುಗಿಸಿದಳು.

"ನಾ ಬರೇ ಹೇಳಿಕೊಟ್ಟಾಕಿ. ಹಡದಾಕಿ ಅಲ್ಲಿ ಕುಂತಾಳ ನೋಡು. ಹೋಗವ್ವ."

ಮಾಸ್ತರರು ಬರೆದ ಮಾತಲ್ಲ ಅದು. ಮಗಳು ಕೆಳಗಿಳಿದು ಬಂದಳು, ಸರ ನನ್ನ ಕೊರಳಿಗೆ ಬಂತು, ಚಪ್ಪಾಳೆ ನಿಲ್ಲಲೇ ಇಲ್ಲ. ಮಗಳ ಕೈ ತಣ್ಣಗಿತ್ತು. ಕಣ್ಣು ವೇದಿಕೆಯ ಮೇಲೇ ಇತ್ತು. ಕೇಳಿದ ಮಾಲು ನನಗೆ ಸಿಕ್ಕಿತ್ತು. ಆದರೆ ಕೊಟ್ಟವಳು ಮಗಳಲ್ಲ, ಹೊಲಿಗೆಯಾಕೆ. ತನ್ನದಾಗಿದ್ದನ್ನಷ್ಟೇ ಯಾರಾದರೂ ಹಾಗೆ ಎತ್ತಿ ಕೊಡಬಲ್ಲರು ಎಂಬುದು, ಇಷ್ಟು ವರ್ಷ ವ್ಯಾಪಾರ ಮಾಡಿದ ನನಗೆ ತಿಳಿಯದೇ? ಆವತ್ತಿನಿಂದ ಆಕೆಯೊಂದಿಗೆ ಬೇಕಾದಷ್ಟೇ ಮಾತು.

ಹೋದ ವರ್ಷ ಆಕೆ ತೀರಿಕೊಂಡಳು. ಸುರಪುರದಲ್ಲಿ ನರ್ಸ್ ಆಗಿರುವ ಮಗಳು ಮೊದಲ ಬಸ್ಸಿಗೇ ಬಂದಳು. ಮಣ್ಣಿಗೆ ಒಯ್ಯುವ ಮುಂಚೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಕೇಳಿದಳು.

"ಯವ್ವಾ, ಆ ಹುಣಸಿ ಬೀಜದ ಸರ ಎಲ್ಲಿ ಅದ? ಚಿಗವ್ವನ ಕೊರಳಿಗಿ ಹಾಕಿ ಕಳಸೋಣು."

"ಅದನ್ನ ಎಂದೋ ಇಲಿ ತಿಂದಾವ" ಎಂದೆ. ಇದೇ ಕಪಾಟಿಗೆ ಬೆನ್ನು ಕೊಟ್ಟು ನಿಂತು ಅಂದೆ.

ಎದುರು ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ. ಬಟ್ಟೆ ಕೊಂಡವರು "ಹೊಲ್ಯಾಕ ಯಾರ ಕಡಿ ಕೊಡಬೇಕ್ರಿ?" ಎಂದರೆ ನನ್ನ ಕೈ ತಾನಾಗಿ ಆ ಬಾಗಿಲಿನ ಕಡೆ ಏಳುತ್ತದೆ, ಅರ್ಧಕ್ಕೆ ಇಳಿಯುತ್ತದೆ... ಕಲಿಯಲು ಬಂದವರಿಗೆ ಹೇಳುತ್ತಿರುತ್ತೇನೆ, ಗಿರಾಕಿ ಮೆಟ್ಟಿಲು ಇಳಿಯುವ ಮುಂಚೆಯೇ ಕರೆಯಿರಿ, ಇಳಿದ ಮೇಲೆ ಕರೆದರೆ ತಿರುಗಿ ನೋಡುವುದಿಲ್ಲ ಎಂದು. ಹೊಲಿಗೆಯಾಕೆಯನ್ನು ನಾನು ಕರೆಯಲಿಲ್ಲ.

ಬಣ್ಣ ಮುಗಿಯಿತು, ಕಪಾಟು ಗೋಡೆಗೆ ಸೇರಿತು. ಡಬ್ಬಿಯನ್ನು ಈ ಸಲ ಹಿಂದೆ ಇಡದೆ ಗಲ್ಲಾದ ಪಕ್ಕ ಇಟ್ಟಿದ್ದೇನೆ. ಬರುವ ಭಾನುವಾರ ಮಗಳು ಬರುತ್ತಾಳೆ, ಅವಳ ಕಣ್ಣಿಗೆ ಬಿದ್ದೇ ಬೀಳುತ್ತದೆ. ನನ್ನ ಸುಳ್ಳಿಗೆ ಬೈಯುತ್ತಾಳೆ, ಬೈಯಲಿ. ಆಮೇಲೆ ಸರ ಹಿಡಿದು ಅಳುತ್ತಾಳೆ. ಆ ಅಳು ಯಾರಿಗಾಗಿ ಎಂದು ನನಗೆ ಗೊತ್ತು. ಈಗಲೂ ಹೊಟ್ಟೆ ಉರಿಯುತ್ತದೆ.