ತಂಗಿಯ ಹನ್ನೆರಡು ಮಾತು

ನನ್ನ ತಂಗಿ ಎಂದೂ ಸರಿಯಾಗಿ ಮಾತಾಡಲಾರಳು ಎಂದು ಮೊದಲು ಹೇಳಿದವಳು ಫೂಫಿ, ಅಪ್ಪನ ಅಕ್ಕ. ನಮ್ಮ ಮನೆಮಾತು ಉರ್ದು. ಆದರೆ ಫೂಫಿ ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳಲೆಂದು ಕನ್ನಡದಲ್ಲೇ ಅಂದಳು: "ಐದು ವರ್ಷ ತುಂಬಾಕ ಬಂದಾವ, ಹನ್ನೆರಡು ಮಾತು ದಾಟವಲ್ಲಳು. ಬರದಿಟ್ಕೋರಿ, ಇಕಿ ಮಾತಾಡಂಗಿಲ್ಲ."

"ನಾ ಮಾತಾಡಸ್ತೀನಿ, ನೋಡ್ತಾ ಇರು," ಎಂದೆ.

ಹಾಗೆ ಹೇಳುವ ಧೈರ್ಯ ನನಗಿತ್ತು. ಗಜೇಂದ್ರಗಡದ ನಮ್ಮ ಬಳೆಗಾರರ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ. ದಿನಾ ಬಸ್ಸಿನಲ್ಲಿ ನಿಂತುಕೊಂಡು ರೋಣದ ಕಾಲೇಜಿಗೆ ಹೋಗಿ ಬಂದು ಬಿ.ಎ. ಪಾಸಾಗಿದ್ದೆ. ಪದವಿಯ ಕಾಗದವನ್ನು ದಾದಿ, ಅಂದರೆ ಅಪ್ಪನ ಅಮ್ಮ, ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಳು.

ತಂಗಿಯ ಆ ಹನ್ನೆರಡು ಮಾತೂ ದಾದಿ ಕಲಿಸಿದವು. ಅವ್ವ ರಾಜೂರಿಗೆ ಬಳೆ ಮಾರಲು ಹೋದಾಗ ದಾದಿ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಒಂದೊಂದು ಬಳೆಗೂ ಅದರ ಬಣ್ಣ ಹೇಳಬೇಕು. ಲಾಲ್, ಹರಾ, ಪೀಲಾ. ತಂಗಿ ಅರ್ಧಂಬರ್ಧ ಹೇಳುತ್ತಿದ್ದಳು. ಅವಳು ಎಲ್ಲಕ್ಕಿಂತ ಸ್ಪಷ್ಟವಾಗಿ ಆಡುತ್ತಿದ್ದ ಮಾತು "ನಕ್ಕೋ", ಅಂದರೆ ಬೇಡ.

ಸಾಲೆಗೆ ಹಾಕಿದ ತಿಂಗಳಿಗೇ ಅಲ್ಲಿ ಕಲಿಸುವ ಅಕ್ಕೋರು ನನ್ನನ್ನು ಕರೆಸಿದರು. "ಎರಡೆರಡು ಭಾಷಾ ಕಿವಿಗೆ ಬಿದ್ದು ಕೂಸಿನ ತಲಿ ಕಲಸೇತಿ. ಮನ್ಯಾಗೂ ಕನ್ನಡಾನ ಮಾತಾಡ್ರಿ. ಕಲತಾಕಿ ಅದೀಯಲ್ಲ, ನಿನಗ ಬ್ಯಾರೆ ಹೇಳಬೇಕೇನು?"

ಆ ಕೊನೆಯ ಮಾತಿಗೆ ಹಿಗ್ಗಿದೆ. ಅಂದು ಸಂಜೆಯೇ ಮನೆಯಲ್ಲಿ ಕಾಯಿದೆ ಹಾಕಿದೆ: ತಂಗಿಯ ಮುಂದೆ ಯಾರೂ ಉರ್ದು ಆಡಬಾರದು.

"ಹಂಗಾರ ಅಕಿ ದಾದಿ ಏನು ಮಾಡಬೇಕು?" ಎಂದು ಅಪ್ಪ ಕೇಳಿದ. ದಾದಿಗೆ ಕನ್ನಡ ಬರುತ್ತಿರಲಿಲ್ಲ.

"ಸುಮ್ನ ಇರ್ಲಿ," ಎಂದೆ.

"ಓದಿದಾಕಿ ಹೇಳ್ತಾಳ, ಕೇಳ್ರಿ," ಎಂದಳು ಅವ್ವ.

ದಾದಿ ಕೇಳಿದಳು. ತುಟಿ ಬಿಗಿದುಕೊಂಡು ಬಳೆ ಪೋಣಿಸಿದಳು. ತಂಗಿ ಕೆಲವು ದಿನ ಅವಳ ಬಾಯಿಯನ್ನೇ ನೋಡುತ್ತ ಕುಳಿತಳು. ಆಮೇಲೆ ತೊಡೆಯಿಂದ ಇಳಿದು ಬಾಗಿಲಲ್ಲಿ ಕೂಡತೊಡಗಿದಳು. ಬಣ್ಣಗಳು ಹೋದವು. "ಪಾನಿ" ಹೋಯಿತು. ನಾನು ಲೋಟ ಎತ್ತಿ ಹಿಡಿದರೆ "ನೀರು" ಅನ್ನುತ್ತಿದ್ದಳು. ಬಾಯಾರಿದಾಗ ತಾನಾಗಿ ಎಂದೂ ಕೇಳಲಿಲ್ಲ. "ನಕ್ಕೋ" ಅಂದಾಗಲೆಲ್ಲ ನಾನು "ಬ್ಯಾಡ ಅನ್ನು" ಎಂದು ಗದರುತ್ತಿದ್ದೆ. ಕಡೆಗೆ ಅವಳು ಎರಡನ್ನೂ ಬಿಟ್ಟಳು. ಹೊಟ್ಟೆ ತುಂಬಿದ್ದರೂ ಕೊಟ್ಟದ್ದನ್ನೆಲ್ಲ ನುಂಗುವಳು, ಆಮೇಲೆ ವಾಂತಿ ಮಾಡುವಳು.

ಎರಡು ವರ್ಷ ಹೀಗೆಯೇ ಕಳೆಯಿತು. ಆಮೇಲೆ ನರಗುಂದದಲ್ಲಿ ಮಾತಿನ ತೊಂದರೆಯ ಮಕ್ಕಳನ್ನು ನೋಡುವ ಶಿಬಿರಕ್ಕೆ ಕರೆದೊಯ್ದೆ. ಪರೀಕ್ಷೆ ಮಾಡುತ್ತಿದ್ದ ಹೆಣ್ಣುಮಗಳು ತಂಗಿಗೆ ನೀರು ತೋರಿಸಿ ಉರ್ದುವಿನಲ್ಲಿ ಕೇಳಿದರು: "ಪಾನಿ?"

ತಂಗಿ ನನ್ನ ಮುಖ ನೋಡಿದಳು. ಬಾಯಿ ಬಿಗಿಹಿಡಿದಳು.

"ಮನ್ಯಾಗ ಈ ಭಾಷಾ ಬಿಡಿಸಿದವರು ಯಾರು?"

"ನಾನರಿ," ಎಂದು ದಾದಿಯ ಸಂಗತಿಯನ್ನೂ ಹೇಳಿದೆ.

ಅವರು ಬೈಯಲಿಲ್ಲ. "ಎರಡು ಭಾಷಾದಿಂದ ಈ ತೊಂದರಿ ಬರಂಗಿಲ್ಲವ್ವಾ. ಅದು ಮೊದಲ ಇತ್ತು. ಅಕಿ ಯಾರ ಕೂಡ ಮಾತಾಡ್ತಿದ್ಲೋ ಅವರನ್ನ ನೀವು ಕಸ್ಕೊಂಡ್ರಿ. ಹೋಗಿ ದಾದಿಗೆ ಮಾತಾಡಾಕ ಹೇಳ್ರಿ."

ನಾನು ಹೇಳಲಿಲ್ಲ. ಇದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಪದವಿ ಪಡೆದವಳು ದಾದಿಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕಿತ್ತು. ಇವತ್ತು, ನಾಳೆ ಎನ್ನುತ್ತ ಎರಡು ತಿಂಗಳು ತಳ್ಳಿದೆ. ಆ ಎರಡು ತಿಂಗಳೂ ದಾದಿ ಬಾಯಿ ಮುಚ್ಚಿಕೊಂಡೇ ಇದ್ದಳು.

ಅಂಗವಿಕಲರ ಪ್ರಮಾಣಪತ್ರ ಕೊಡುವ ದಿನ ರೋಣದ ದವಾಖಾನೆಗೆ ದಾದಿಯೂ ಬಂದಳು. ಗುಮಾಸ್ತರು ತಂಗಿಯ ಹೆಸರು ಕೂಗಿದರು. ತಂಗಿ ತಿರುಗಲಿಲ್ಲ. ನಾನೇ ಹೋಗಿ ಸಹಿ ಮಾಡಿ ಕಾಗದ ಇಸಿದುಕೊಂಡೆ.

ದಾದಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸರಕಾರಿ ಠಸ್ಸೆಯ ಮೇಲೆ ಬೆರಳಾಡಿಸಿದಳು. ಏನು ಬರೆದಿದ್ದಾರೆ ಎಂದು ಕಣ್ಣಲ್ಲೇ ಕೇಳಿದಳು. ಮಾತು ಬಾರದವಳು ಎಂದು ಬರೆದಿದ್ದಾರೆ, ಎಂದೆ. ಅವಳು ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ತಂಗಿಗೆ ಕೇಳದ ಹಾಗೆ, ನನ್ನ ಕಿವಿಯಲ್ಲಿ, ಉರ್ದುವಿನಲ್ಲಿ ಅಂದಳು:

"ಹಂಗಾರ ಇನ್ನ ನಾ ಇಕಿ ಕೂಡ ಮಾತಾಡಲೇನು, ಬೇಟಿ?"