ನುಗ್ಗೆಸೊಪ್ಪಿನ ಹರಾಜು

ಇದನ್ನು ಬರೆಯಬೇಕೆಂದುಕೊಂಡು ಎಷ್ಟೋ ವರ್ಷಗಳಾದವು. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಕನ್ನಡಕದ ನಂಬರು ಬದಲಾಗಿದೆ, ಪೆನ್ನು ಸರಿಯಿಲ್ಲ, ಎಸ್ಸೆಸ್ಸೆಲ್ಸಿ ಓದಿದವನ ಕಥೆ ಯಾರಿಗೆ ಬೇಕು. ಕಳೆದ ವಾರ ಒಂದು ಬೆಳಿಗ್ಗೆ ಸೊಸೆ ಗಾಜಿನ ಬಾಟಲಿಯೊಂದರ ಮುಚ್ಚಳ ತೆಗೆದಳು. ಆ ವಾಸನೆಗೆ ನನ್ನ ನೆಪಗಳೆಲ್ಲ ತೀರಿಹೋದವು.

"ಏನಮ್ಮ ಅದು?"

"ಮೊರಿಂಗಾ ಪೌಡರ್ ಮಾವ. ಆನ್‌ಲೈನಲ್ಲಿ ತರಿಸ್ದೆ. ಮಂಡಿನೋವಿಗೆ ಸಖತ್ತಾಗಿ ಕೆಲಸ ಮಾಡುತ್ತಂತೆ."

ಮೂಗಿನ ಹತ್ತಿರ ಹಿಡಿದೆ. ನುಗ್ಗೆಸೊಪ್ಪು! ಒಣಗಿಸಿ, ಪುಡಿ ಮಾಡಿ, ಚೀಟಿ ಅಂಟಿಸಿದ್ದಾರೆ, ಅಷ್ಟೇ. ಚೀಟಿಯ ಮೇಲಿನ ಬೆಲೆ ನೋಡಿದೆ. ನಗು ಬರಬೇಕಿತ್ತು, ಬರಲಿಲ್ಲ. ಈ ಸೊಪ್ಪಿಗೆ ಬೆಲೆಯೇ ಇಲ್ಲವೆಂದು ತುಂಬಿದ ಸಭೆಯಲ್ಲಿ ಒಮ್ಮೆ ಮೈಕು ಹಿಡಿದು ಕೂಗಿದವನು ನಾನೇ.

ನಾನು ಸಿಟಿ ಬಸ್ಸಿನ ಕಂಡಕ್ಟರನಾಗಿದ್ದವನು. ಕನಕಪುರ ರಸ್ತೆಯ ರೂಟಿನಲ್ಲೇ ತಲೆ ಬೆಳ್ಳಗಾಯಿತು. ನನಗೆ ಸೀಟಿ ಬೇಡ, ಗಂಟಲೇ ಸಾಕು ಎಂದು ಡ್ರೈವರುಗಳು ಹೇಳುತ್ತಿದ್ದರು. ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ. ಅವರ ಕಿವಿಯ ಕಷ್ಟ ನನಗೇನು ಗೊತ್ತು.

ಜರಗನಹಳ್ಳಿ ಆಗಿನ್ನೂ ಅರ್ಧ ಹಳ್ಳಿ. ನಮ್ಮ ಮೆಥೊಡಿಸ್ಟ್ ಕ್ರೈಸ್ತ ಸಭೆ ಕೂಡುತ್ತಿದ್ದದ್ದು ಒಂದು ಶೀಟಿನ ಚಾವಣಿಯ ಕೆಳಗೆ. ಬೇಸಿಗೆಯಲ್ಲಿ ಪಾದ್ರಿಗಳ ಪ್ರಸಂಗ ಕೇಳುತ್ತ ಬೇಯುತ್ತಿದ್ದೆವು. ಮಳೆಗಾಲದಲ್ಲಿ ಪ್ರಸಂಗವೇ ಕೇಳಿಸುತ್ತಿರಲಿಲ್ಲ. ಎರಡಕ್ಕೂ ದೇವರಿಗೆ ಸ್ತೋತ್ರ. ದೇವಾಲಯ ಸಣ್ಣದಾದರೂ ಅದರ ಬಾಗಿಲು ದೊಡ್ಡದಿತ್ತು. ನಮ್ಮ ಬೋರ್‌ವೆಲ್ಲಿನ ನಲ್ಲಿಯನ್ನು ಬೀದಿಗೇ ತಿರುಗಿಸಿದ್ದೆವು. ಸಂಜೆ ಮಕ್ಕಳಿಗೆ ಟ್ಯೂಷನ್, ಹೆಂಗಸರಿಗೆ ಹೊಲಿಗೆ. ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾಗಲಿ, ನಾಮಕರಣವಾಗಲಿ, ನಮ್ಮ ಬೆಂಚುಗಳು ಅಲ್ಲಿಗೆ ಹೋಗುತ್ತಿದ್ದವು. ಸತ್ಯನಾರಾಯಣ ಪೂಜೆಗೆ ಹೋದ ಬೆಂಚು ಭಾನುವಾರವೂ ಹಿಂತಿರುಗದೆ ನಾವು ನಿಂತೇ ಆರಾಧನೆ ಮಾಡಿದ್ದುಂಟು.

ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ. ಆ ಭಾನುವಾರ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಬೆಳೆದವರು ಬೆಳೆದದ್ದನ್ನು, ಸಾಕಿದವರು ಸಾಕಿದ್ದನ್ನು, ಉಳಿದವರು ಮನೆಯಲ್ಲಿ ಸುಟ್ಟ ಕಜ್ಜಾಯವನ್ನು ತಂದು ಮುಂದಿನ ಮೇಜಿನ ಮೇಲೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಒಂದೊಂದನ್ನೇ ಎತ್ತಿ ಹಿಡಿದು ಹರಾಜು ಹಾಕುತ್ತೇವೆ. ಕೋಳಿಮೊಟ್ಟೆಯೊಂದನ್ನು ಕೊಂಡವರು ಮತ್ತೆ ಮೇಜಿಗೇ ಇಟ್ಟು, ಅದು ಮತ್ತೆ ಮತ್ತೆ ಹರಾಜಾಗಿ, ಮಧ್ಯಾಹ್ನದ ಹೊತ್ತಿಗೆ ಕೋಳಿಯ ಬೆಲೆ ದಾಟಿರುತ್ತದೆ. ಕೂಗುವವನಿಗೆ ನಿಯಮ ಒಂದೇ: ಮೊದಲು ಕೊಟ್ಟವರ ಹೆಸರು, ಆಮೇಲೆ ಪದಾರ್ಥ. ಹೆಸರು ಕೂಗಿದಾಗ ಅವರು ಎದ್ದು ನಿಲ್ಲುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಕಸ ಗುಡಿಸುವವರ ಹೆಸರೂ ಬ್ಯಾಂಕ್ ಮ್ಯಾನೇಜರರ ಹೆಸರೂ ಒಂದೇ ಗಂಟಲಿನಲ್ಲಿ ಬರುವ ದಿನ ಅದು. ಆ ಗಂಟಲು ಬಹಳ ವರ್ಷ ನನ್ನದೇ ಆಗಿತ್ತು.

ಪಕ್ಕದ ಹೊಲದ ಮುನಿರಾಜಣ್ಣ ನಮ್ಮ ಸಭೆಯವನಲ್ಲ, ಊರಮ್ಮನ ಒಕ್ಕಲು. ಆದರೂ ರಾಗಿ ತೆನೆಯ ಮೊದಲ ಕಟ್ಟನ್ನು ತಂದುಕೊಟ್ಟು, ಹರಾಜಿನಲ್ಲಿ ತಾನೇ ಕೂಗಿ, ದುಡ್ಡು ತೆತ್ತು ಮನೆಗೆ ಒಯ್ಯುತ್ತಿದ್ದ.

"ಯಾಕಣ್ಣ ಈ ಸರ್ಕಸ್ಸು?" ಎಂದು ಕೇಳಿದ್ದೆ.

"ನಮ್ ಗುಡೀಲಿ ಹರಾಜಿಲ್ಲ ಕಣಯ್ಯ. ನಿನ್ ಬಾಯಿ ಕೇಳ್ಬೇಕಾದ್ರೆ ಇಲ್ಲಿಗೇ ಬರ್ಬೇಕು."

ಇಂಥ ಮಾತು ಕೇಳಿ ಕೇಳಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಎಂದರೆ ನೀವು ನಂಬಬೇಕು. ಒಂದು ವರ್ಷ ಹೊಸ ಅಪಾರ್ಟ್‌ಮೆಂಟುಗಳಿಂದ ಹೊಸ ಕುಟುಂಬಗಳು ಬಂದಿದ್ದವು. ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರನ್ನು ನಗಿಸಬೇಕೆಂಬ ಹಟ ನನಗೆ. ಕುಂಬಳಕಾಯಿಗೆ ಒಂದು ಜೋಕು, ಹುಂಜಕ್ಕೆ ಒಂದು ಜೋಕು. ನಗು ಏರುತ್ತ ಹೋಯಿತು. ಆಗ ನನ್ನ ಕೈಗೆ ಬಂದದ್ದು ಬಾಳೆನಾರಿನಲ್ಲಿ ಕಟ್ಟಿದ ನುಗ್ಗೆಸೊಪ್ಪಿನ ಒಂದು ಕಟ್ಟು.

ಅದನ್ನು ತಂದವರು ಯಾರೆಂದು ನನಗೆ ಗೊತ್ತಿತ್ತು. ಸದ್ಯಕ್ಕೆ ಅಕ್ಕ ಎನ್ನುತ್ತೇನೆ. ಹೆಸರು ಬರೆಯಲು ಕೈ ಇನ್ನೂ ಹಿಂಜರಿಯುತ್ತಿದೆ. ನಮ್ಮ ಹಿಂದಿನ ಬೀದಿಯಲ್ಲೇ ಇದ್ದರು. ಪ್ರತಿ ವರ್ಷ ಒಂದು ಹ್ಯಾಟೆಕೋಳಿ ತರುತ್ತಿದ್ದವರು. ಆ ವರ್ಷ ಗಂಡ ತೀರಿಕೊಂಡು, ಕೋಳಿಗಳನ್ನೆಲ್ಲ ಮಾರಿ, ಬಾಡಿಗೆ ಮನೆಯ ಹಿತ್ತಲಿನ ಒಂದು ನುಗ್ಗೆಮರ ಬಿಟ್ಟರೆ ಅವರಿಗೆ ಬೇರೆ ಸುಗ್ಗಿಯೇ ಇರಲಿಲ್ಲ. ಅದೂ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆಡಿದ ಮಾತಾಗಿದ್ದರೆ ಇಷ್ಟು ವರ್ಷ ಕಾಡುತ್ತಿರಲಿಲ್ಲ.

"ಇದನ್ನೂ ಕೂಗ್ಬೇಕಾ?" ಎಂದೆ ಮೈಕಿನಲ್ಲಿ. "ಬೇಲಿ ಹತ್ರ ಹೋದ್ರೆ ಬಿಟ್ಟಿ ಸಿಗುತ್ತಲ್ರಪ್ಪಾ! ಮೇಕೆ ಸಾಕಿರೋರು ಯಾರಾದ್ರೂ ಇದ್ದೀರಾ? ಇಲ್ವಾ? ಹಾಗಾದ್ರೆ ರೈಟ್ ರೈಟ್, ನೆಕ್ಸ್ಟ್ ಸ್ಟಾಪ್!"

ಶೀಟು ಹಾರಿಹೋಗುವಂತೆ ನಕ್ಕರು. ಅಕ್ಕ ತಮ್ಮ ಹೆಸರು ಬರುತ್ತದೆಂದು ಆಗಲೇ ಅರ್ಧ ಎದ್ದಿದ್ದರು. ಹಾಗೇ ಕೂತರು. ಬಾಯಿಗೆ ಸೆರಗು ಹಿಡಿದು ಅವರೂ ನಕ್ಕರು. ನಾನು ಕಟ್ಟನ್ನು ಮೇಜಿನ ಕೆಳಗೆ ಸರಿಸಿ ತೆಂಗಿನಕಾಯಿ ಎತ್ತಿಕೊಂಡೆ. ಎಲ್ಲ ಮುಗಿದ ಮೇಲೆ ಅವರು ಬಂದು, ಬಗ್ಗಿ ಅದನ್ನು ತೆಗೆದುಕೊಂಡು, ಅಂಟಿದ್ದ ಕೋಳಿಪುಕ್ಕ ಕೊಡವಿ, ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಮುನಿರಾಜಣ್ಣ ಗೇಟಿನ ಹತ್ತಿರ ನಿಂತಿದ್ದ. "ಇವತ್ತು ನಿನ್ ಬಾಯಿ ಚೆನ್ನಾಗಿರ್ಲಿಲ್ಲ ಕಣಯ್ಯ," ಎಂದಷ್ಟೇ ಹೇಳಿ ಹೋದ.

ಮರುವರ್ಷ ಅಕ್ಕ ಬಂದರು, ಪಾತ್ರೆ ತೊಳೆದರು, ಮೇಜಿನ ಮೇಲೆ ಏನೂ ಇಡಲಿಲ್ಲ. ಅವರೊಬ್ಬರೇ ಅಲ್ಲ. ದಂಟಿನ ಸೊಪ್ಪು, ಕರಿಬೇವು, ಹಿತ್ತಲ ನಿಂಬೆಹಣ್ಣು ತರುತ್ತಿದ್ದ ಹೆಂಗಸರೆಲ್ಲ ಬಿಸ್ಕತ್ತಿನ ಪ್ಯಾಕೆಟ್ಟು, ಎಣ್ಣೆ ಪ್ಯಾಕೆಟ್ಟು ತಂದಿಟ್ಟರು. ಕೆಲವರು ಅಂಗಡಿಯಲ್ಲಿ ಸಾಲ ಹೇಳಿ ತಂದಿದ್ದರಂತೆ. ಮೇಜು ನೋಡಿದರೆ ದಿನಸಿ ಅಂಗಡಿಯ ಹಾಗಿತ್ತು. ಆ ವರ್ಷದ ಹರಾಜು ಮುಗಿಸಿ, ಗಂಟಲು ಸರಿಯಿಲ್ಲವೆಂದು ಸುಳ್ಳು ಹೇಳಿ ಮೈಕನ್ನು ಬೇರೆಯವರಿಗೆ ಕೊಟ್ಟೆ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅನ್ನಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ. ಪ್ರತಿ ಭಾನುವಾರ ಪಾಪದ ಅರಿಕೆಯ ಪ್ರಾರ್ಥನೆಯಲ್ಲಿ ಮಾತಿನಿಂದ ಮಾಡಿದ ಪಾಪದ ಸರದಿ ಬಂದಾಗ ನನಗೆ ಸರಿಯಾಗಿ ಕೆಮ್ಮು ಬರುತ್ತಿತ್ತು.

ಆಮೇಲೊಮ್ಮೆ ನನ್ನ ಹೆಂಡತಿ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಆಗಿ ತಿಂಗಳುಗಟ್ಟಲೆ ಮಲಗಿದಳು. ನನಗೆ ಅನ್ನ ಬೇಯಿಸಲೂ ಬಾರದು. ಸ್ತ್ರೀಯರ ಸಂಘದವರು ಬಂದು, ದಿನಕ್ಕೊಂದು ಮನೆಯಿಂದ ಊಟ ಎಂದು ಅವರವರೇ ಹಂಚಿಕೊಂಡರು. ನಾನು ಕೇಳಿರಲಿಲ್ಲ. ನಮ್ಮ ಸಭೆಯಲ್ಲಿ ಯಾರೂ ಕೇಳಬೇಕಾಗಿಯೂ ಇರಲಿಲ್ಲ. ಇವತ್ತು ಅವಳು ಕೋಲು ಹಿಡಿದು ಓಡಾಡುತ್ತ ನನ್ನನ್ನು ಬೈಯುತ್ತಿದ್ದರೆ ಅದು ಆ ಕ್ಯಾರಿಯರುಗಳ ಪುಣ್ಯ.

ಬುಧವಾರದ ಕ್ಯಾರಿಯರು ಅಕ್ಕನದು. ಬಿಸಿ ಮುದ್ದೆ, ಕಾಯಿತುರಿ ಹಾಕಿದ ನುಗ್ಗೆಸೊಪ್ಪಿನ ಪಲ್ಯ. "ಮೂಳೆಗೆ ಒಳ್ಳೇದು, ಅವ್ರಿಗೆ ಜಾಸ್ತಿ ಹಾಕಿ," ಎಂದು ಬಾಗಿಲಿನಿಂದಲೇ ಹೇಳಿ ಹೊರಡುತ್ತಿದ್ದರು. ಪ್ರತಿ ಬುಧವಾರ ಹೇಳಿಬಿಡೋಣವೆಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಬಾಯಿ ತೆರೆದರೆ ಬರುತ್ತಿದ್ದದ್ದು, "ಹೋದ ವಾರ ಉಪ್ಪು ಸರಿಯಾಗಿತ್ತಕ್ಕ."

ಒಳಗಿಂದ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. "ಬಸ್ ತುಂಬಾ ಕೂಗ್ತೀರ, ಬಾಗಿಲಲ್ಲಿ ಒಂದು ಮಾತು ಹೇಳಕ್ಕಾಗಲ್ವಾ?"

"ಮುಂದಿನ ವಾರ ಹೇಳ್ತೀನಿ ಕಣೇ."

"ನಿಮ್ಮ ಮುಂದಿನ ವಾರಕ್ಕೆ ಬೆಂಕಿ ಬೀಳ."

ಕೊನೆಯ ಬುಧವಾರ ಅಕ್ಕ ಊಟದ ಜೊತೆಗೆ ತೋಳುದಪ್ಪದ ಒಂದು ನುಗ್ಗೆಕೊಂಬೆಯನ್ನೂ ತಂದರು. "ಓನರ್ ಮನೆ ಕೆಡವ್ತಾರಂತೆ, ಮರಾನೂ ಹೋಗುತ್ತೆ. ಇದನ್ನ ನೆಟ್ಕೊಳ್ಳಿ. ಸುಮ್ನೆ ಚುಚ್ಚಿದ್ರೂ ಬರುತ್ತೆ." ಮನೆ ಮುಂದೆ ನುಗ್ಗೆ ಇರಬಾರದೆಂದು ಪಕ್ಕದವರು ಹೇಳಿದರು. ನೆಟ್ಟೆ. ಅಕ್ಕ ಬೇಗೂರಿಗೆ, ಮಗನ ಮನೆಗೆ ಹೋದರು. ಅಲ್ಲಿಗೆ ಬಸ್ಸಿತ್ತು. ನನಗೆ ಪಾಸಿತ್ತು. ಹೋಗಲಿಲ್ಲ. ಹೋದದ್ದು ಹೋದ ವರ್ಷ, ಅವರ ಮಣ್ಣಿಗೆ. ಹಿಂದೆ ನಿಂತು ಒಂದು ಹಿಡಿ ಮಣ್ಣು ಹಾಕಿ ಬಂದೆ.

ಬಾಟಲಿಯ ಕಥೆ ನಡೆದ ವಾರವೇ ಸುಗ್ಗಿ ಹಬ್ಬ. ಭಾನುವಾರ ಬೆಳಿಗ್ಗೆ ದೋಟಿ ಹಿಡಿದು ಮನೆ ಮುಂದಿನ ಮರದಿಂದ ಎಳೆಸೊಪ್ಪು ಇಳಿಸಿದೆ. ಬಾಳೆನಾರು ಸಿಗಲಿಲ್ಲ, ಹೆಂಡತಿ ತನ್ನ ಹಳೇ ಸೀರೆಯ ಅಂಚು ಹರಿದುಕೊಟ್ಟಳು.

ಈಗ ಶೀಟು ಹೋಗಿ ತಾರಸಿ ಬಂದಿದೆ. ಹರಾಜು ಕೂಗುವವಳು ಸುಗುಣ ಎಂಬ ನರ್ಸು, ನನಗಿಂತ ಚೆನ್ನಾಗಿ ನಗಿಸುತ್ತಾಳೆ, ಯಾರನ್ನೂ ನೋಯಿಸುವುದಿಲ್ಲ. ಚಾಕೊಲೇಟ್ ಡಬ್ಬಿಗಳು, ಕುಕ್ಕರು ಮುಗಿದ ಮೇಲೆ ನನ್ನ ಕಟ್ಟು ಎತ್ತಿದಳು.

"ಅಯ್ಯೋ, ನುಗ್ಗೆಸೊಪ್ಪು! ಈ ಟೇಬಲ್ ಮೇಲೆ ನಾನು ನೋಡೇ ಇಲ್ಲ. ಅಂಕಲ್, ನಿಮ್ಮ ಹೆಸರು ಹೇಳ್ಲಾ?"

"ಬೇಡಮ್ಮ. ಮೈಕ್ ಕೊಡು."

ಕೋಲೂರಿ ಮುಂದೆ ಹೋದೆ. ನಡೆದದ್ದನ್ನೆಲ್ಲ ಹೇಳಬೇಕೆಂದಿದ್ದೆ. ಮನೆಯಲ್ಲಿ ಅಭ್ಯಾಸವನ್ನೂ ಮಾಡಿಕೊಂಡಿದ್ದೆ. ಒಂದು ಮಾತೂ ನೆನಪಿಗೆ ಬರಲಿಲ್ಲ. ಹಿಂದಿನ ಸಾಲಿನಲ್ಲಿ, ಈಗ ಕಟ್ಟಡಗಳ ಮಾಲೀಕನಾದ ಮುನಿರಾಜಣ್ಣ ಕಿವಿಗೆ ಕೈ ಆನಿಸಿಕೊಂಡು ಕೂತಿದ್ದ. "ಕೂಗಯ್ಯ!" ಎಂದ.

ನಿಯಮ ಗೊತ್ತಲ್ಲ. ಮೊದಲು ಹೆಸರು, ಆಮೇಲೆ ಪದಾರ್ಥ. ಸೊಪ್ಪಿನ ಕಟ್ಟನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಬೇಗೂರಿಗೂ ಕೇಳಿಸಲಿ ಎಂಬಂತೆ, ಮೈಕು ಕೆಳಗಿಟ್ಟು ಬರೀ ಗಂಟಲಿನಲ್ಲೇ ಕೂಗಿದೆ:

"ಸುವಾರ್ತಮ್ಮ!"