ಹ್ಯಾಚರಿಯ ವಿರುದ್ಧ ಮಾತಾಡಿದ ಷಹನಾಜ್

ಅಮೆರಿಕದ ಸ್ಕೋಕಿ ಊರಿನ ಷಹನಾಜಳಿಗೆ ಗಾಳ ಹಾಕುವುದನ್ನು ಕಲಿಸಿದವರು ಹೊನ್ನಾವರದಲ್ಲಿದ್ದ ಅವಳ ತಂದೆ. ಶರಾವತಿ ಕಡಲು ಸೇರುವ ಕಡೆ ದೋಣಿಯಲ್ಲಿ ಕೂರಿಸಿಕೊಂಡು, ‘ಮೀನು ಅವಸರ ಮಾಡಲಿ, ಕೈ ಅವಸರ ಮಾಡಬಾರದು’ ಎನ್ನುತ್ತಿದ್ದರು. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೂ ಆ ಹುಚ್ಚು ಬಿಡಲಿಲ್ಲ. ಗಂಡ ಅಸ್ಲಂ ಔಷಧಿ ಅಂಗಡಿಗೆ ಹೊರಟರೆ ಇವಳು ದುಪಟ್ಟಾದ ಮೇಲೊಂದು ಉಣ್ಣೆಯ ಟೋಪಿ ಎಳೆದುಕೊಂಡು, ಉತ್ತರಕ್ಕೆ ಡ್ರೈವ್ ಮಾಡಿ, ಮಿಷಿಗನ್ ಸರೋವರದ ಕಟ್ಟೆಯ ಮೇಲೆ ನಿಲ್ಲುತ್ತಿದ್ದಳು. ಮೊದಮೊದಲು ನಕ್ಕ ಬಿಳಿಯ ಮುದುಕರು ಬರಬರುತ್ತಾ ಅವಳ ಪಕ್ಕದಲ್ಲೇ ಜಾಗ ಹುಡುಕತೊಡಗಿದರು.

ಎರಡು ಸಾವಿರದ ಇಸವಿಯಲ್ಲಿ ಮೈಸೂರಿನ ಮಂಜರಿ ಪಕ್ಕದ ಬೀದಿಗೆ ಬಂದಳು. ಗಂಡ ಗಿರೀಶ ಓಕ್ ಬ್ರೂಕಿನ ಆಫೀಸಿಗೆ ಹೋದರೆ ಸಂಜೆಯವರೆಗೆ ಅವಳೊಬ್ಬಳೇ. ಪಾಪ ಎನಿಸಿ ಷಹನಾಜಳೇ ಕರೆದೊಯ್ದು, ದಾರಕ್ಕೆ ಗಂಟು ಹಾಕುವುದರಿಂದ ಹಿಡಿದು ತಂದೆಯ ಆ ಮಾತಿನವರೆಗೆ ಎಲ್ಲವನ್ನೂ ಕಲಿಸಿದಳು. ಮಂಜರಿ ಮೀನು ತಿನ್ನುವವಳಲ್ಲ. ಹಿಡಿದದ್ದನ್ನೆಲ್ಲ ನಗುತ್ತಾ ಷಹನಾಜಳ ಚೀಲಕ್ಕೇ ಹಾಕುತ್ತಿದ್ದಳು. ಹಾಗೆ ಬಂದ ಮೀನಿನ ಸಾರನ್ನು ಷಹನಾಜ್ ಗಂಡನಿಗೆ ಬಡಿಸಿ, ತಾನು ಮುಟ್ಟುತ್ತಿರಲಿಲ್ಲ.

ಮರುವರ್ಷ ಮಂಜರಿಗೆ ತೋಳುದ್ದದ ಸಾಲ್ಮನ್ ಸಿಕ್ಕಿತು. ಊರಿನ ಪತ್ರಿಕೆಯಲ್ಲಿ ಫೋಟೋ ಬಂತು. ಗಾಳದವರ ಕ್ಲಬ್ಬು ಅವಳನ್ನು ಕಮಿಟಿಗೆ ಸೇರಿಸಿಕೊಂಡಿತು. ವರ್ಷಗಟ್ಟಲೆ ಅದೇ ಕಟ್ಟೆಯ ಮೇಲೆ ನಿಂತಿದ್ದ ಷಹನಾಜಳನ್ನು ಯಾರೂ ಕರೆದಿರಲಿಲ್ಲ. ಆ ಫೋಟೋವನ್ನು ಮಂಜರಿ ಫ್ರಿಜ್ಜಿಗೆ ಅಂಟಿಸಿದ್ದಳು. ಅವರ ಮನೆಗೆ ಹೋದಾಗ ಷಹನಾಜ್ ಫ್ರಿಜ್ಜಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಆ ಸರೋವರಕ್ಕೆ ಸಾಲ್ಮನ್ ಹೊರಗಿನ ಮೀನು. ಸರ್ಕಾರದ ಹ್ಯಾಚರಿಯಲ್ಲಿ ಮೊಟ್ಟೆಯೊಡೆಸಿ, ಮರಿ ಸಾಕಿ, ಪ್ರತಿ ವಸಂತದಲ್ಲೂ ನೀರಿಗೆ ಬಿಡಬೇಕು. 2003ರಲ್ಲಿ ಬೊಕ್ಕಸ ಬರಿದಾಗಿ, ಹ್ಯಾಚರಿಗೆ ಇನ್ನು ಮುಂದೆಯೂ ಸಾರ್ವಜನಿಕರ ಹಣ ಕೊಡಬೇಕೇ ಎಂದು ಸಭೆ ಕರೆದರು. ಕ್ಲಬ್ಬಿನ ಪರವಾಗಿ ಮಾತಾಡಲು ಎದ್ದವಳು ಮಂಜರಿ. ಚೆನ್ನಾಗಿಯೇ ಮಾತಾಡಿದಳು. ಕೊನೆಗೆ, ಮೀನು ಅವಸರ ಮಾಡಲಿ, ಕೈ ಅವಸರ ಮಾಡಬಾರದು ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಸಭೆಯನ್ನೇ ನಗಿಸಿದಳು. ಅದು ಯಾರ ಮಾತೆಂದು ಹೇಳಲಿಲ್ಲ.

ಬೇರೆ ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ಅಧ್ಯಕ್ಷರು ಕೇಳುವಷ್ಟರಲ್ಲಿ ಷಹನಾಜ್ ಎದ್ದಿದ್ದಳು. ಬಿಡುವಿದ್ದವರ ಆಟಕ್ಕೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರು ಯಾಕೆ ತೆರಿಗೆ ಕಟ್ಟಬೇಕು, ಸರೋವರದ್ದೇ ಅಲ್ಲದ ಮೀನನ್ನು ಸಾಕಿ ಬಿಟ್ಟು ಮತ್ತೆ ನಾವೇ ಹಿಡಿದು ಫೋಟೋ ತೆಗೆಸಿಕೊಳ್ಳುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ಕೇಳಿದಳು. ತಾನೂ ಗಾಳ ಹಾಕುವವಳೇ ಎಂದಳು. ಮಂಜರಿಯ ಮುಖ ಕಪ್ಪಿಟ್ಟದ್ದನ್ನು ಅವಳು ಕಣ್ತುಂಬ ನೋಡಿದಳು.

ಮನೆಗೆ ಹೋಗುವಾಗ ಅಸ್ಲಂ ಕಾರು ಓಡಿಸುತ್ತಿದ್ದ. “ಹೇಳಿದ್ದೆಲ್ಲಾ ಸರೀನೇ. ಆದ್ರೆ ಅದರಲ್ಲಿ ಒಂದು ಮಾತನ್ನಾದ್ರೂ ನೀನು ನಂಬಿದ್ಯಾ?” ಎಂದ. ಅವಳು ಹೆದ್ದಾರಿಯ ಎಕ್ಸಿಟ್ ತಪ್ಪುತ್ತದೆ, ರಸ್ತೆ ನೋಡು ಎಂದಳು.

ಹ್ಯಾಚರಿ ಮುಚ್ಚಲಿಲ್ಲ. ಆದರೆ ಹಣ ಕಡಿತವಾಗಿ, ಅವರ ಕಟ್ಟೆಯ ಬಳಿ ಮರಿ ಬಿಡುವುದನ್ನು ನಿಲ್ಲಿಸಿದರು. ಒಂದೆರಡು ವರ್ಷದಲ್ಲಿ ಮೀನು ಹಿಡಿಯುವ ಏಪ್ರಿಲ್ ಬಂದರೂ ಗಾಳ ಜಗ್ಗದಾಯಿತು. ಮುದುಕರು ಬೇರೆ ಬಂದರುಗಳಿಗೆ ಹೋದರು. ಮಂಜರಿಯೂ ಕಾಣಿಸಲಿಲ್ಲ. ಷಹನಾಜ್ ಮಾತ್ರ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಮಂಜರಿ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಕಟ್ಟೆಗೆ ಬಂದಳು. ಈಗ ಸ್ಕೋಕಿಯ ಲೈಬ್ರರಿಯಲ್ಲಿ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಹೇಳಿಕೊಡುತ್ತಾಳಂತೆ. ಮುಖದಲ್ಲಿ ಕೊಂಕಿರಲಿಲ್ಲ. ಗಾಳ ಯಾಕೆ ಬಿಟ್ಟೆ ಎಂದು ಷಹನಾಜಳೇ ಕೇಳಿದಳು.

“ನಿಮ್ಮಿಂದಾನೇ. ಅವತ್ತು ಮೊದಲು ತುಂಬಾ ಕೋಪ ಬಂತು. ಮನೆಗೆ ಹೋಗಿ ಯೋಚನೆ ಮಾಡಿದೆ. ನೀವು ಹೇಳಿದ್ದೇ ನಿಜ ಅನ್ನಿಸ್ತು, ಬಿಟ್ಬಿಟ್ಟೆ.”

ಷಹನಾಜ್ ದಾರದ ಕಡೆ ತಿರುಗಿದಳು. ತಾನು ಹೊಟ್ಟೆಕಿಚ್ಚಿಗೆ ಆಡಿದ್ದನ್ನು ಇವಳು ನಂಬಿ, ನಂಬಿದಂತೆ ನಡೆದೂಬಿಟ್ಟಿದ್ದಳು. ಅಷ್ಟು ಹಗುರವಾಗಿ ಬಿಡಲು ಬರುತ್ತದಲ್ಲ ಇವಳಿಗೆ ಎಂದು ಮತ್ತೆ ಹೊಟ್ಟೆಕಿಚ್ಚಾಯಿತು. ಕಾಫಿ ಬೇಡವೆನ್ನಲಾಗಲಿಲ್ಲ. ಕುಡಿದಳು. ಮಂಜರಿ ಕ್ಲಾಸಿಗೆ ಹೊತ್ತಾಯಿತೆಂದು ಹೊರಟಳು. ಷಹನಾಜ್ ದಾರ ಸುತ್ತಿಕೊಂಡು, ಮೀನಿಲ್ಲದ ನೀರಿಗೆ ಇನ್ನೊಮ್ಮೆ ಗಾಳ ಬೀಸಿದಳು.